ಮಾಡೆಲ್ ಸಬ್‌ಮರೀನ್‌ಗೆ ಬ್ಯಾಲಸ್ಟ್ ಮತ್ತು ಟ್ರಿಮ್: ಮೊದಲು ಮುಳುಗಿಸಿ, ಆಮೇಲೆ ತೇಲಿಸಿ

ಮೋಟರ್ ಓಡುತ್ತದೆ, ರಡ್ಡರ್ (ಚುಕ್ಕಾಣಿ) ತಿರುಗುತ್ತದೆ, ಒಳಗೆ ಒಂದು ಹನಿ ನೀರೂ ಬರುತ್ತಿಲ್ಲ. ಆದರೂ ಸಬ್‌ಮರೀನ್ ನೀರಿಗಿಳಿದ ಕೂಡಲೇ ಮೂತಿ ಕೆಳಗೆ ಮಾಡಿ ತಳ ಸೇರುತ್ತದೆ. ಇಲ್ಲವೇ ಮುಳುಗಲೆಂದು ನೀರು ತುಂಬಿಸಿಕೊಳ್ಳುವ ಬ್ಯಾಲಸ್ಟ್ ಟ್ಯಾಂಕ್ ಪೂರ್ತಿ ತುಂಬಿದರೂ ಮುಳುಗಲು ಒಪ್ಪುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಒಂದಿಷ್ಟು ಸೀಸ ಹಾಕುತ್ತಾರೆ. ಅದು ಜಾಸ್ತಿಯಾಯಿತೆಂದು ಒಂದಿಷ್ಟು ಫೋಮ್ ಅಂಟಿಸುತ್ತಾರೆ. ಮತ್ತೆ ಸೀಸ, ಮತ್ತೆ ಫೋಮ್. ಕೊನೆಗೆ ಒಳಗೆ ಜಾಗವೇ ಉಳಿಯುವುದಿಲ್ಲ, ದೋಣಿ ಮಾತ್ರ ಮೊದಲಿನ ಹಾಗೇ ಇರುತ್ತದೆ.

ಬ್ಯಾಲಸ್ಟ್ ಎಂದರೆ ದೋಣಿಗೆ ಹಾಕುವ ಭಾರ. ಟ್ರಿಮ್ ಎಂದರೆ ಅದು ನೀರಿನಲ್ಲಿ ಸರಿಯಾದ ಮಟ್ಟದಲ್ಲಿ, ಸಮವಾಗಿ ನಿಲ್ಲುವಂತೆ ಹೊಂದಿಸುವುದು. ತಪ್ಪುತ್ತಿರುವುದು ತೂಕ ಅಲ್ಲ, ಕೆಲಸದ ಕ್ರಮ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಕ್ರಮದ ಮೇಲೆಯೇ ಒತ್ತು. ಇಲ್ಲಿ ಹೇಳುವುದೆಲ್ಲ ಹೊರಚಿಪ್ಪಿನೊಳಗೆ ನೀರು ಸಲೀಸಾಗಿ ಬಂದುಹೋಗುವ, ನಡುವೆ ನೀರು ನುಗ್ಗದ ಒಳಸಿಲಿಂಡರ್ ಇರುವ ಮಾದರಿಗೆ. ವೆಟ್ ಹಲ್ ಎಂದು ಕರೆಯುವುದು ಇದನ್ನೇ. ಹೊಸಬರು ಕಟ್ಟುವುದೂ ಹೆಚ್ಚಾಗಿ ಇದನ್ನೇ. ಟ್ಯಾಂಕೇ ಇಲ್ಲದೆ ಬರೀ ವೇಗ ಮತ್ತು ರೆಕ್ಕೆಗಳಿಂದ ಮುಳುಗುವ ಮಾದರಿ ನಿಮ್ಮದಾಗಿದ್ದರೆ, ಟ್ಯಾಂಕಿಗೆ ಸಂಬಂಧಿಸಿದ ಹಂತಗಳನ್ನು ಬಿಟ್ಟು ಉಳಿದದ್ದನ್ನು ಓದಿ.

ಶುರು ಮಾಡುವ ಮುಂಚೆ: ಈ ಒಂದು ಲೆಕ್ಕ ತಲೆಯಲ್ಲಿರಲಿ

ಪೂರ್ತಿ ಮುಳುಗಿದ ದೋಣಿಗೆ ಎರಡೇ ಸಂಖ್ಯೆ ಮುಖ್ಯ: ಅದರ ಒಟ್ಟು ತೂಕ ಮತ್ತು ಅದರಲ್ಲಿರುವ ವಸ್ತುಗಳ ಒಟ್ಟು ಗಾತ್ರ. ದೋಣಿ 5 ಕಿಲೋ ಇದ್ದರೆ, ಅದು 5 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಆಗ ಅದು ಮೇಲೂ ಬರದೆ ಕೆಳಗೂ ಹೋಗದೆ ನಿಲ್ಲುತ್ತದೆ. ಇಲ್ಲಿ ಚಿಪ್ಪಿನೊಳಗೆ ತುಂಬಿಕೊಂಡ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದು ಹೊರಗಿನ ನೀರಿನಷ್ಟೇ ತೂಗುತ್ತದೆ. ತುಂಬಿದ ಟ್ಯಾಂಕಿನ ನೀರೂ ಹಾಗೆಯೇ.

ಈಗ ಟ್ಯಾಂಕ್ ಖಾಲಿ ಮಾಡಿ. 500 ಮಿಲಿ ನೀರು ಹೊರಗೆ ಹೋದರೆ, ದೋಣಿ ಮೇಲೇರಿ ತನ್ನ 500 ಸಿಸಿ ಗಾತ್ರದ ಭಾಗಗಳನ್ನು ನೀರಿನ ಮೇಲಕ್ಕೆ ಎತ್ತಿ ನಿಲ್ಲುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಗಾತ್ರ ಎಂದರೆ ಪ್ಲಾಸ್ಟಿಕ್, ಫೈಬರ್, ಫೋಮ್‌ನ ಗಾತ್ರ. ಅವುಗಳ ನಡುವಿನ ಖಾಲಿ ಜಾಗ ಲೆಕ್ಕಕ್ಕಿಲ್ಲ.

ಅಂದರೆ, ಮುಳುಗಿದಾಗ ಫೋಮ್ ಎಷ್ಟಿದೆ ಎನ್ನುವುದು ಮುಖ್ಯ. ತೇಲುವಾಗ ಆ ಫೋಮ್ ಯಾವ ಎತ್ತರದಲ್ಲಿದೆ ಎನ್ನುವುದು ಮುಖ್ಯ. ಈ ಎರಡನ್ನು ಬೇರೆ ಬೇರೆಯಾಗಿ ಸರಿ ಮಾಡಬಹುದು. ಮೊದಲು ಮುಳುಗಿಸಿ ಒಟ್ಟು ಮೊತ್ತ ಸರಿ ಮಾಡುವುದು, ಆಮೇಲೆ ಅದೇ ಫೋಮನ್ನು ಮೇಲೆ ಕೆಳಗೆ ಸರಿಸಿ ತೇಲುವ ಮಟ್ಟ ಸರಿ ಮಾಡುವುದು. ಉಲ್ಟಾ ಮಾಡುವವರೂ ಇದ್ದಾರೆ, ಅನುಭವ ಇದ್ದರೆ ಅದೂ ಆಗುತ್ತದೆ. ಹೊಸಬರಿಗೆ ಈ ಕ್ರಮವೇ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಒಮ್ಮೆ ಸರಿಯಾದದ್ದು ಮತ್ತೆ ಕೆಡುವುದಿಲ್ಲ.

ಬೇಕಾಗುವ ಸಾಮಾನು

1 ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ದೋಣಿ ಪೂರ್ತಿ ಹಿಡಿಸುವ, ಅದು ಮುಳುಗುವಷ್ಟು ಆಳದ ತೊಟ್ಟಿ ಅಥವಾ ಸ್ನಾನದ ಟಬ್. 5, 10, 20, 50 ಗ್ರಾಂನ ಸೀಸದ ತುಂಡುಗಳು. ಮೀನು ಹಿಡಿಯುವವರು ಗಾಳದ ದಾರಕ್ಕೆ ಕಟ್ಟುವ ಸೀಸದ ಗುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಅಗಲವಾದ ರಬ್ಬರ್ ಬ್ಯಾಂಡುಗಳು ಒಂದು ಹಿಡಿ. ಮಾಸ್ಕಿಂಗ್ ಟೇಪ್, ನೀರಿಗೆ ಅಳಿಸದ ಮಾರ್ಕರ್, ಚೂಪಾದ ಕಟರ್, ಸೂಜಿಯಿಲ್ಲದ ದೊಡ್ಡ ಸಿರಿಂಜ್, ಟಿಶ್ಯೂ ಕಾಗದ, ಸಿಲಿಕೋನ್ ಗ್ರೀಸ್. ಮತ್ತೆ ಒಂದು ನೋಟ್‌ಬುಕ್. ಯಾವ ತೂಕ ಎಲ್ಲಿಟ್ಟೆ ಎಂದು ಬರೆದುಕೊಳ್ಳದಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಕಲಸಿಹೋಗುತ್ತದೆ.

ಫೋಮ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಪ್ಯಾಕಿಂಗ್‌ಗೆ ಬರುವ ಬಿಳಿ ಮಣಿಮಣಿ ಥರ್ಮೋಕೋಲ್ ಬೇಡ. ಮಣಿಗಳ ಸಂದಿಯಲ್ಲಿ ನಿಧಾನವಾಗಿ ನೀರು ಸೇರುತ್ತದೆ. ಬೆಳಗ್ಗೆ ಸರಿಯಿದ್ದ ಟ್ರಿಮ್ ಸಂಜೆಗೆ ಇರುವುದಿಲ್ಲ. ಕಟ್ಟಡಗಳಲ್ಲಿ ಶಾಖ ತಡೆಯಲು ಬಳಸುವ, ನೀಲಿ ಅಥವಾ ಗುಲಾಬಿ ಬಣ್ಣದಲ್ಲಿ ಬರುವ ಗಟ್ಟಿ ಎಕ್ಸ್‌ಟ್ರೂಡೆಡ್ ಪಾಲಿಸ್ಟೈರೀನ್ ಹಾಳೆ ಒಳ್ಳೆಯದು. ಅದರ 100 ಸಿಸಿ ತುಂಡು ನೀರಿನಡಿಯಲ್ಲಿ ಸುಮಾರು 97 ಗ್ರಾಂ ಎತ್ತುತ್ತದೆ. ಸ್ಪಂಜಿನಂತೆ ಒತ್ತಿದರೆ ತಗ್ಗುವ ಫೋಮ್ ಯಾವುದೂ ಬೇಡ. ಆಳಕ್ಕೆ ಹೋದಷ್ಟೂ ನೀರು ಅದನ್ನು ಹಿಂಡುತ್ತದೆ, ತೇಲಿಸುವ ಶಕ್ತಿ ಕಡಿಮೆಯಾಗುತ್ತದೆ, ದೋಣಿ ಇನ್ನೂ ಆಳಕ್ಕೆ ಇಳಿಯುತ್ತದೆ.

ಸೀಸದ ಲೆಕ್ಕವೂ ಗೊತ್ತಿರಲಿ. ಸೀಸ ನೀರಿಗಿಂತ 11.34 ಪಟ್ಟು ಭಾರ. ಹಾಗಾಗಿ 100 ಗ್ರಾಂ ಸೀಸ ನೀರಿನಡಿಯಲ್ಲಿ ಸುಮಾರು 91 ಗ್ರಾಂನಷ್ಟು ಎಳೆಯುತ್ತದೆ. ಕಬ್ಬಿಣ ಅಥವಾ ಉಕ್ಕು 87 ಗ್ರಾಂನಷ್ಟು. ಉಕ್ಕು ಕೆಲಸ ಮಾಡುತ್ತದೆ, ಆದರೆ ತುಕ್ಕು ಹಿಡಿಯುತ್ತದೆ, ಜಾಗವೂ ಹೆಚ್ಚು ಬೇಕು. ಸೀಸ ವಿಷ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಕರಗಿಸಿ ಎರಕ ಹೊಯ್ಯುವ ಸಾಹಸ ಸದ್ಯಕ್ಕೆ ಬೇಡ. ಸಿದ್ಧ ತುಂಡುಗಳಲ್ಲೇ ಎಲ್ಲ ಕೆಲಸ ಆಗುತ್ತದೆ.

ಹಂತ 1: ಸೋರಿಕೆ ಇಲ್ಲ ಎಂದು ಖಚಿತ ಮಾಡಿಕೊಳ್ಳಿ

ಸೋರುವ ದೋಣಿಗೆ ಟ್ರಿಮ್ ಮಾಡುವುದು ವ್ಯರ್ಥ. ಗಂಟೆಗೆ 20 ಮಿಲಿ ನೀರು ಒಳಗೆ ಬಂದರೂ 20 ಗ್ರಾಂ ತೂಕ ಸದ್ದಿಲ್ಲದೆ ಏರುತ್ತದೆ, ನೀವು ಫೋಮ್ ಸೇರಿಸುತ್ತಾ ಕೂತಿರುತ್ತೀರಿ.

ಒಳಸಿಲಿಂಡರನ್ನು ಮಾತ್ರ ಹೊರತೆಗೆಯಿರಿ. ಓ-ರಿಂಗುಗಳನ್ನು (ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಉಂಗುರಗಳು) ಒರೆಸಿ, ಕೂದಲು, ಮರಳಿನ ಕಣ ಇಲ್ಲದಂತೆ ನೋಡಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಹಚ್ಚಿ. ಒಳಗೆ ಎರಡೂ ತುದಿಗಳಲ್ಲಿ ಒಣ ಟಿಶ್ಯೂ ಇಡಿ. ಗಾಳಿ ಬಿಡುವ ಸಣ್ಣ ನಳಿಕೆ ಇದ್ದರೆ ಸಿರಿಂಜಿನಿಂದ ಒಳಕ್ಕೆ ಸ್ವಲ್ಪ ಗಾಳಿ ಒತ್ತಿ, ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆಗಳ ಸಾಲು ಎಲ್ಲಿಂದ ಬರುತ್ತದೋ ಅಲ್ಲಿ ಸೋರಿಕೆ. 1 ಮೀಟರ್ ಆಳದ ನೀರಿನ ಒತ್ತಡ ಸುಮಾರು 0.1 ಬಾರ್ ಅಷ್ಟೇ, ಹಾಗಾಗಿ ಜೋರಾಗಿ ಒತ್ತುವುದು ಬೇಡ. ಜೋರಾಗಿ ಒತ್ತಿದರೆ ಮುಚ್ಚಳವೇ ಹಾರಿಹೋದೀತು.

ಆಮೇಲೆ ಮೋಟರ್ ಓಡಿಸುತ್ತಾ, ರಡ್ಡರ್ ಆಡಿಸುತ್ತಾ ಅರ್ಧ ಗಂಟೆ ಮುಳುಗಿಸಿಡಿ. ನಿಂತ ಶಾಫ್ಟ್ (ಪ್ರೊಪೆಲ್ಲರ್ ತಿರುಗಿಸುವ ಕಡ್ಡಿ) ಸೋರದೆ, ತಿರುಗುವ ಶಾಫ್ಟ್ ಮಾತ್ರ ಸೋರುವುದು ತುಂಬಾ ಸಾಮಾನ್ಯ. ತೆಗೆದು ಟಿಶ್ಯೂ ನೋಡಿ. ಒದ್ದೆಯಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಂತ 2: ನೀರಿನ ಗೆರೆ ಎಳೆಯಿರಿ

ತೇಲುವಾಗ ನೀರು ಎಲ್ಲಿಗೆ ಬರಬೇಕು ಎನ್ನುವುದು ನಿಮ್ಮ ನಕ್ಷೆಯಲ್ಲಿದೆ. ಅದನ್ನು ಹೊರಚಿಪ್ಪಿನ ಎರಡೂ ಬದಿಗೆ, ಮೂತಿಯಿಂದ ಬಾಲದವರೆಗೆ, ತೆಳುವಾದ ಮಾಸ್ಕಿಂಗ್ ಟೇಪಿನಿಂದ ಗುರುತಿಸಿ. ಒಳಭಾಗದಲ್ಲೂ ಅದೇ ಎತ್ತರಕ್ಕೆ ಮಾರ್ಕರಿನಿಂದ ಗೆರೆ ಎಳೆಯಿರಿ. ಒಳಗಿನ ಗೆರೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಿಜವಾಗಿ ಉಪಯೋಗಕ್ಕೆ ಬರುವುದು ಅದೇ. ಫೋಮ್ ಆ ಗೆರೆಗಿಂತ ಮೇಲಿದೆಯೋ ಕೆಳಗಿದೆಯೋ ಎನ್ನುವುದರ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ.

ಹಂತ 3: ಟ್ಯಾಂಕ್ ಸಾಕಾಗುತ್ತದೆಯೇ ನೋಡಿ

ಗೆರೆಯಿಂದ ಮೇಲಿರುವ ವಸ್ತುಗಳ ಒಟ್ಟು ಗಾತ್ರವೇ ನಿಮಗೆ ಬೇಕಾದ ಟ್ಯಾಂಕಿನ ಅಳತೆ. ಅಳೆಯಲು ಎರಡು ದಾರಿ. ಒಂದು, ತೂಕವನ್ನು ಸಾಂದ್ರತೆಯಿಂದ ಭಾಗಿಸುವುದು. ಎಬಿಎಸ್ ಪ್ಲಾಸ್ಟಿಕ್‌ಗೆ 1.04, ಫೈಬರ್‌ಗ್ಲಾಸ್‌ಗೆ ಸುಮಾರು 1.6, ಎರಕದ ರೆಸಿನ್‌ಗೆ ಸುಮಾರು 1.1 ಇಟ್ಟುಕೊಳ್ಳಿ. ಇನ್ನೊಂದು, ತುಂಬಿ ತುಳುಕುವ ಬಕೆಟ್ಟಿನಲ್ಲಿ ಆ ಭಾಗವನ್ನು ಮುಳುಗಿಸಿ, ಹೊರಚೆಲ್ಲಿದ ನೀರನ್ನು ಹಿಡಿದು ತೂಗುವುದು. ಒಂದು ಗ್ರಾಂ ನೀರು ಎಂದರೆ ಒಂದು ಸಿಸಿ.

ಉದಾಹರಣೆಗೆ, ಮೇಲಿನ ಫೈಬರ್ ಚಿಪ್ಪು 480 ಗ್ರಾಂ ಇದೆ ಅಂದುಕೊಳ್ಳಿ. ಅದು 300 ಸಿಸಿ. ಬೆನ್ನ ಮೇಲಿನ ಗೋಪುರ 110 ಗ್ರಾಂ ರೆಸಿನ್, ಅಂದರೆ 100 ಸಿಸಿ. ಒಳಸಿಲಿಂಡರಿನ ನೆತ್ತಿ ಗೆರೆಗಿಂತ ಸ್ವಲ್ಪ ಮೇಲೆ ಬರುತ್ತದೆ, ಅದು 120 ಸಿಸಿ. ಒಟ್ಟು 520. ಇದಕ್ಕೆ ಹತ್ತರಲ್ಲೊಂದು ಭಾಗ ಸೇರಿಸಿ, 570 ಮಿಲಿ ಟ್ಯಾಂಕ್ ಇದ್ದರೆ ನೆಮ್ಮದಿ.

ಟ್ಯಾಂಕ್ ಸ್ವಲ್ಪ ದೊಡ್ಡದಾದರೆ ಪರವಾಗಿಲ್ಲ, ಗೆರೆಗಿಂತ ಮೇಲೆ ಒಂದಿಷ್ಟು ಫೋಮ್ ಇಟ್ಟು ಸರಿಪಡಿಸಬಹುದು. ಚಿಕ್ಕದಾದರೆ ಎಷ್ಟು ಸೀಸ, ಎಷ್ಟು ಫೋಮ್ ಹಾಕಿದರೂ ದೋಣಿ ಗೆರೆಯವರೆಗೆ ಏಳುವುದಿಲ್ಲ. ಆಗ ಉಳಿದಿರುವುದು ಮೇಲಿನ ಭಾಗಗಳನ್ನು ತೆಳುವಾಗಿಸುವುದು ಅಥವಾ ಟ್ಯಾಂಕ್ ಬದಲಿಸುವುದು.

ಟ್ಯಾಂಕ್ ಎಲ್ಲಿ ಕೂತಿದೆ ಎನ್ನುವುದನ್ನೂ ಗಮನಿಸಿ. ಅದು ಪೂರ್ತಿ ಗೆರೆಗಿಂತ ಕೆಳಗಿರಬೇಕು. ಗೆರೆಗಿಂತ ಮೇಲೆ ಚಾಚಿದ ಟ್ಯಾಂಕಿನ ಭಾಗ ತೇಲಿಸಲು ನೆರವಾಗುವುದಿಲ್ಲ. ಉದ್ದದಲ್ಲಿ ಅದು ದೋಣಿಯ ಸಮತೋಲದ ಬಿಂದುವಿನ ಹತ್ತಿರ ಇರಬೇಕು. ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ ತುಂಬುವಾಗಲೂ ಖಾಲಿಯಾಗುವಾಗಲೂ ದೋಣಿ ಮೂತಿ ಎತ್ತಿಳಿಸುತ್ತಲೇ ಇರುತ್ತದೆ.

ಹಂತ 4: ಎಲ್ಲವನ್ನೂ ಅದರದರ ಜಾಗದಲ್ಲಿ ಕೂರಿಸಿ

ಬ್ಯಾಟರಿ, ರಿಸೀವರ್, ಸರ್ವೋ (ರಡ್ಡರ್, ರೆಕ್ಕೆ ಆಡಿಸುವ ಪುಟ್ಟ ಮೋಟರ್), ಆಂಟೆನಾ, ತಿರುಪು, ಪೆರಿಸ್ಕೋಪ್, ಎಲ್ಲವೂ ಕೊನೆಗೆ ಇರುವ ಜಾಗದಲ್ಲೇ ಇರಲಿ. ಬಣ್ಣವೂ ಮುಗಿದಿರಲಿ. ಬ್ಯಾಟರಿಯನ್ನು ಜಾರದಂತೆ ಬಿಗಿಯಿರಿ. 300 ಗ್ರಾಂ ಬ್ಯಾಟರಿ 1 ಸೆಂ.ಮೀ. ಜಾರಿದರೆ, 30 ಗ್ರಾಂ ಸೀಸವನ್ನು 10 ಸೆಂ.ಮೀ. ಸರಿಸಿದಷ್ಟೇ ಪರಿಣಾಮ. ಬೇರೆ ಬ್ಯಾಟರಿ ಹಾಕುವ ಯೋಚನೆಯಿದ್ದರೆ ಈಗಲೇ ಹಾಕಿ.

ಹೊರಚಿಪ್ಪಿನ ತೂತುಗಳನ್ನು ನೋಡಿ. ತಳದಲ್ಲಿ ನೀರು ಬಂದುಹೋಗಲು ಉದ್ದ ಸೀಳುಗಳು, ಎಲ್ಲಕ್ಕಿಂತ ಎತ್ತರದ ಜಾಗಗಳಲ್ಲಿ ಗಾಳಿ ಹೋಗಲು 2-3 ಮಿ.ಮೀ. ತೂತುಗಳು ಬೇಕು. ಗೋಪುರದ ತುದಿಯನ್ನು ಮರೆಯಬೇಡಿ, ಗಾಳಿ ಅಡಗಿ ಕೂರುವುದು ಅಲ್ಲೇ.

ಹಂತ 5: ಟ್ಯಾಂಕ್ ತುಂಬಿ, ಮುಳುಗಿದ ಸ್ಥಿತಿಯ ಟ್ರಿಮ್

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಸಮಯ ಇಟ್ಟುಕೊಂಡು ಮಾಡಿ.

ಟ್ಯಾಂಕ್ ಪೂರ್ತಿ ತುಂಬಿಸಿ. ದೋಣಿಯನ್ನು ನೀರಿನೊಳಗೆ ಅದುಮಿ, ಮೂತಿ ಎತ್ತಿ, ಬಾಲ ಎತ್ತಿ, ಎಡಕ್ಕೂ ಬಲಕ್ಕೂ ಉರುಳಿಸಿ ಗುಳ್ಳೆಗಳನ್ನೆಲ್ಲ ಹೊರಡಿಸಿ. ಗುಳ್ಳೆ ನಿಂತರೂ ಇನ್ನೊಮ್ಮೆ ಉರುಳಿಸಿ. ನಿಂಬೆಹಣ್ಣಿನ ಕಾಲುಭಾಗದಷ್ಟು ಗಾಳಿ ಉಳಿದರೂ ಹತ್ತು ಗ್ರಾಂ ಆಸುಪಾಸು ಸುಳ್ಳು ಲೆಕ್ಕ ಬರುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ಸಣ್ಣ ಗುಳ್ಳೆಗಳು ಬೇಗ ಬಿಡುತ್ತವೆ. ಹತ್ತು ನಿಮಿಷ ಹಾಗೇ ನೆನೆಯಲು ಬಿಡಿ.

ಈಗ ತೂಕ. ಒಳಗೆ ಏನನ್ನೂ ಅಂಟಿಸಬೇಡಿ. ರಬ್ಬರ್ ಬ್ಯಾಂಡುಗಳನ್ನು ಹೊರಚಿಪ್ಪಿನ ಸುತ್ತ ಹಾಕಿ, ಸೀಸದ ತುಂಡುಗಳನ್ನು ಹೊಟ್ಟೆಯ ಕೆಳಗೆ, ಫೋಮ್ ತುಂಡುಗಳನ್ನು ಮೇಲುಗಡೆ ಸಿಕ್ಕಿಸಿ. ನೀರಿನಡಿಯಲ್ಲಿ ಚಿಪ್ಪಿನ ಒಳಗಿದ್ದರೂ ಹೊರಗಿದ್ದರೂ ಅವುಗಳ ತೂಕದ ಲೆಕ್ಕ ಒಂದೇ. ಹೀಗೆ ಮಾಡಿದರೆ ಪ್ರತಿ ಸಲ ಚಿಪ್ಪು ತೆಗೆದು ಮುಚ್ಚುವ ಗೋಳು ತಪ್ಪುತ್ತದೆ, ಹೊಸ ಗುಳ್ಳೆಗಳೂ ಸೇರುವುದಿಲ್ಲ.

ಮೊದಲು ಮೊತ್ತ ಸರಿ ಮಾಡಿ, ಓರೆ ಆಮೇಲೆ. ದೋಣಿ ಮುಳುಗುತ್ತಿದ್ದರೆ ಫೋಮ್ ಸೇರಿಸಿ ಅಥವಾ ಸೀಸ ತೆಗೆಯಿರಿ. ತೆಗೆಯಲು ಸಾಧ್ಯವಿದ್ದರೆ ತೆಗೆಯುವುದೇ ಉತ್ತಮ. ತೇಲುತ್ತಿದ್ದರೆ ಸೀಸ ಸೇರಿಸಿ. ಕೊನೆಕೊನೆಗೆ 5 ಗ್ರಾಂ ತುಂಡುಗಳಲ್ಲಿ ಆಟ. ಗುರಿ ಏನೆಂದರೆ, ಟ್ಯಾಂಕ್ ಪೂರ್ತಿ ತುಂಬಿದ್ದಾಗಲೂ ಗೋಪುರದ ತುದಿ ಒಂದು ಸೆಂಟಿಮೀಟರ್‌ನಷ್ಟು ನೀರಿನ ಮೇಲೆ ಇಣುಕುತ್ತಿರಬೇಕು. ಅಲುಗದೆ ನಿಲ್ಲುವ ಪಕ್ಕಾ ಸಮತೋಲ ಈಗ ಬೇಡ. ಈ ಸಣ್ಣ ಉಳಿಕೆಯೇ ಮೋಟರ್ ಕೈಕೊಟ್ಟಾಗ ದೋಣಿಯನ್ನು ಮೇಲೆ ತರುವುದು.

ಆಮೇಲೆ ಮೂತಿ-ಬಾಲದ ಸಮ. ಮೂತಿ ತಗ್ಗಿದ್ದರೆ ಸೀಸವನ್ನು ಹಿಂದಕ್ಕೆ ಸರಿಸಿ ಅಥವಾ ಫೋಮನ್ನು ಮುಂದಕ್ಕೆ ಸರಿಸಿ. ಹೊಸದಾಗಿ ಸೇರಿಸಬೇಡಿ, ಸರಿಸಿ. ಸೇರಿಸಿದರೆ ಈಗಷ್ಟೇ ಸರಿ ಮಾಡಿದ ಮೊತ್ತ ಕೆಡುತ್ತದೆ. ಹೊಸಬರು ಸುತ್ತಿಸುತ್ತಿ ಬರುವುದು ಇದೇ ಕಾರಣಕ್ಕೆ. 50 ಗ್ರಾಂ ಸೀಸವನ್ನು 20 ಸೆಂ.ಮೀ. ಸರಿಸುವುದೂ 100 ಗ್ರಾಂ ಅನ್ನು 10 ಸೆಂ.ಮೀ. ಸರಿಸುವುದೂ ಒಂದೇ. ಹಾಗಾಗಿ ಚಿಕ್ಕ ತುಂಡನ್ನು ದೂರ ಸರಿಸುವುದೇ ನಿಖರ. ಎಡಬಲಕ್ಕೂ ಇದೇ ನಿಯಮ.

ಸರಿಯಾಯಿತು ಅನಿಸಿದಾಗ ಕೈಯಿಂದ ಮೂತಿಯನ್ನು ಸ್ವಲ್ಪ ಅದುಮಿ ಬಿಡಿ. ನಿಧಾನವಾಗಿ ಸಮಕ್ಕೆ ಮರಳಬೇಕು. ಅದುಮಿದಲ್ಲೇ ನಿಂತುಬಿಟ್ಟರೆ ಮುಂದಿನ ಹಂತದಲ್ಲಿ ಕೆಲಸ ಇದೆ.

ಹಂತ 6: ವಾಲಿಸಿ ನೋಡಿ

ಸೀಸ ಎಷ್ಟು ಕೆಳಗಿರುತ್ತದೋ, ಫೋಮ್ ಎಷ್ಟು ಮೇಲಿರುತ್ತದೋ, ದೋಣಿ ಅಷ್ಟು ಸ್ಥಿರ. ಭಾರದ ಕೇಂದ್ರ ಕೆಳಗೆ, ತೇಲಿಕೆಯ ಕೇಂದ್ರ ಮೇಲೆ ಇರಬೇಕು. ಎರಡರ ನಡುವಿನ ಅಂತರವನ್ನು ಅಳೆಯಲು ಸುಲಭದ ದಾರಿಯಿದೆ. ಹೊಟ್ಟೆಯ ನಟ್ಟನಡುವೆ ಕಟ್ಟಿದ 50 ಗ್ರಾಂ ಸೀಸವನ್ನು 5 ಸೆಂ.ಮೀ. ಪಕ್ಕಕ್ಕೆ ಸರಿಸಿ. ಗೋಪುರಕ್ಕೆ ದಾರ ಕಟ್ಟಿದ ಕೋನಮಾಪಕ ಅಂಟಿಸಿ ವಾಲಿದ ಕೋನ ಓದಿ. 5 ಕಿಲೋ ದೋಣಿ ಸುಮಾರು 3 ಡಿಗ್ರಿ ವಾಲಿದರೆ ಅಂತರ ಹೆಚ್ಚುಕಡಿಮೆ 1 ಸೆಂ.ಮೀ. 6 ಡಿಗ್ರಿ ವಾಲಿದರೆ ಬರೀ ಅರ್ಧ ಸೆಂ.ಮೀ.

ಅಂತರ ಕಡಿಮೆಯಿದ್ದರೆ ಏನಾಗುತ್ತದೆ? 5 ಕಿಲೋ ದೋಣಿಯಲ್ಲಿ 1 ಸೆಂ.ಮೀ. ಅಂತರವಿದ್ದಾಗ, 50 ಗ್ರಾಂ ತೂಕ ಮೂತಿಯ ಕಡೆಗೆ 20 ಸೆಂ.ಮೀ. ಸರಿದರೆ ಮೂತಿ 11 ಡಿಗ್ರಿ ಬಗ್ಗುತ್ತದೆ. ಅರ್ಧ ಸೆಂ.ಮೀ. ಇದ್ದಾಗ ಅದೇ ತಪ್ಪಿಗೆ 20 ಡಿಗ್ರಿ ದಾಟುತ್ತದೆ. ಅಂತರ ಹೆಚ್ಚಿಸಲು ಬ್ಯಾಟರಿಯನ್ನು ಸಿಲಿಂಡರಿನ ತಳಕ್ಕೆ ಇಳಿಸಿ, ಸೀಸವನ್ನು ತಳದ ಚಿಪ್ಪಿಗೆ ಅಂಟುವಷ್ಟು ಕೆಳಗೆ ತನ್ನಿ. ಫೋಮನ್ನು ನೀರಿನ ಗೆರೆಯ ಸ್ವಲ್ಪ ಕೆಳಗೆ, ಎರಡೂ ಬದಿಗೆ ಉದ್ದಕ್ಕೆ ಹಂಚಿ. ಇನ್ನೂ ಮೇಲಕ್ಕೆ ಇಟ್ಟರೆ ಸ್ಥಿರತೆಗೇನೋ ಒಳ್ಳೆಯದು, ಆದರೆ ತೇಲುವ ಮಟ್ಟ ಇಳಿಯುತ್ತದೆ. ಗೆರೆಯ ಕೆಳಗಿನ ಆ ಪಟ್ಟಿಯೇ ಎರಡಕ್ಕೂ ಒಪ್ಪುವ ಜಾಗ.

ಹಂತ 7: ಟ್ಯಾಂಕ್ ಖಾಲಿ ಮಾಡಿ, ತೇಲುವ ಮಟ್ಟ ಸರಿ ಮಾಡಿ

ಈ ಹಂತದಲ್ಲಿ ಫೋಮ್ ಇರುವ ಎತ್ತರಕ್ಕೆ ಬೆಲೆಯಿದೆ. ಹಾಗಾಗಿ ಹೊರಗೆ ಸಿಕ್ಕಿಸಿದ್ದರೂ ಅದನ್ನು ಒಳಗೆ ಎಷ್ಟು ಎತ್ತರದಲ್ಲಿ ಇಡುತ್ತೀರೋ ಅದೇ ಎತ್ತರದಲ್ಲಿ ಸಿಕ್ಕಿಸಿ. ಟ್ಯಾಂಕ್ ಖಾಲಿ ಮಾಡಿ, ಚಿಪ್ಪಿನ ನೀರು ಇಳಿಯುವವರೆಗೆ ಕಾಯಿರಿ, ಟೇಪಿನ ಗೆರೆ ನೋಡಿ.

ದೋಣಿ ಗೆರೆಗಿಂತ ತಗ್ಗಿ ಕೂತಿದೆಯೇ? ಗೆರೆಗಿಂತ ಮೇಲಿರುವ ಫೋಮನ್ನು ಕೆಳಕ್ಕೆ ತನ್ನಿ. ಅತಿಯಾಗಿ ಎದ್ದಿದೆಯೇ? ಕೆಳಗಿನ ಫೋಮಿನಲ್ಲಿ ಸ್ವಲ್ಪವನ್ನು ಗೆರೆಯ ಮೇಲಕ್ಕೆ ಏರಿಸಿ. ತಗ್ಗಿ ಕೂತಿದೆ, ಆದರೆ ಮೇಲೆ ಫೋಮೇ ಇಲ್ಲ ಎಂದಾದರೆ ಟ್ಯಾಂಕ್ ಚಿಕ್ಕದು, ಅಥವಾ ಪೂರ್ತಿ ಖಾಲಿಯಾಗುತ್ತಿಲ್ಲ. ಎರಡನೆಯದನ್ನು ಮೊದಲು ಪರೀಕ್ಷಿಸಿ.

ಮುಳುಗಿದಾಗ ಸಮವಾಗಿದ್ದು, ತೇಲಿದಾಗ ಮಾತ್ರ ಮೂತಿ ತಗ್ಗಿದರೆ ಸೀಸ ಮುಟ್ಟಬೇಡಿ. ಮೂತಿಯ ಕಡೆ ಫೋಮನ್ನು ಮೇಲಿಂದ ಕೆಳಕ್ಕೆ, ಬಾಲದ ಕಡೆ ಕೆಳಗಿಂದ ಮೇಲಕ್ಕೆ ಸರಿಸಿ. ಮುಂದೆ-ಹಿಂದೆ ಸರಿಸಬಾರದು, ನೇರ ಮೇಲೆ-ಕೆಳಗೆ ಅಷ್ಟೇ. ಆಗ ಮುಳುಗಿದ ಸ್ಥಿತಿಯ ಸಮ ಹಾಗೇ ಉಳಿಯುತ್ತದೆ. ಇದರಿಂದಲೂ ಸಾಲದಿದ್ದರೆ ಟ್ಯಾಂಕ್ ಬಾಲದ ಕಡೆ ಜಾಸ್ತಿ ಸರಿದಿದೆ ಎಂದರ್ಥ, ಅದನ್ನೇ ಮುಂದಕ್ಕೆ ತರಬೇಕು.

ಮುಗಿದ ಮೇಲೆ ಮತ್ತೆ ಟ್ಯಾಂಕ್ ತುಂಬಿಸಿ ಹಂತ 5 ಮತ್ತು 6ರ ಪರೀಕ್ಷೆ ಒಮ್ಮೆ ಮಾಡಿ. ಮೊತ್ತ ಬದಲಾಗಿರಬಾರದು. ಬದಲಾಗಿದ್ದರೆ ಎಲ್ಲೋ ಗಾಳಿ ಸಿಕ್ಕಿದೆ ಅಥವಾ ನೀರು ಸೋರಿದೆ.

ಹಂತ 8: ತುಂಬುವ, ಖಾಲಿಯಾಗುವ ನಡುವಿನ ಹೊತ್ತು

ಎರಡು ತುದಿಗಳಲ್ಲಿ ಸರಿಯಿದ್ದ ದೋಣಿ ನಡುವೆ ಹುಚ್ಚಾಟ ಆಡಬಹುದು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಅತ್ತಿತ್ತ ಓಡುತ್ತದೆ. ಮೂತಿ ಸ್ವಲ್ಪ ತಗ್ಗಿದರೆ ನೀರೆಲ್ಲ ಮೂತಿಗೆ ಓಡಿ ಇನ್ನೂ ತಗ್ಗಿಸುತ್ತದೆ. ಉದ್ದನೆಯ ಟ್ಯಾಂಕಿನಲ್ಲಿ ಇದು ಹೆಚ್ಚು. ಒಳಗೆ ತೂತುಗಳಿರುವ ಅಡ್ಡತಡಿಕೆ ಹಾಕಿದರೆ ಓಟ ನಿಧಾನವಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಟ್ಯಾಂಕನ್ನೇ ಗಿಡ್ಡವಾಗಿಸುವುದು ನಿಜವಾದ ಮದ್ದು. ಮೊದಮೊದಲು ಟ್ಯಾಂಕನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ.

ಮೇಲೇಳುವಾಗ ಅಡ್ಡಕ್ಕೆ ಉರುಳಿದರೆ ತೂತುಗಳನ್ನು ಅನುಮಾನಿಸಿ. ಚಿಪ್ಪಿನ ಮೇಲ್ಭಾಗದ ನೀರು ಇಳಿಯುವ ಮುಂಚೆ ದೋಣಿ ಎದ್ದರೆ, ನೀರಿನ ಗೆರೆಗಿಂತ ಮೇಲೆ ಅಷ್ಟೂ ನೀರನ್ನು ಹೊತ್ತಿರುತ್ತದೆ. ತಲೆಭಾರ. ತಳದ ಸೀಳುಗಳನ್ನು ಅಗಲಿಸಿ, ಟ್ಯಾಂಕನ್ನು ನಿಧಾನವಾಗಿ ಖಾಲಿ ಮಾಡಿ.

ಟ್ಯಾಂಕಿನ ಗಾಳಿ ಒಳಸಿಲಿಂಡರಿಗೇ ಹೋಗುವ ಪಂಪ್ ವ್ಯವಸ್ಥೆಯಾದರೆ ಇನ್ನೊಂದು ವಿಷಯ. ಒಳಗೆ ಒಟ್ಟು 3 ಲೀಟರ್ ಗಾಳಿಯಿದ್ದು 500 ಮಿಲಿ ನೀರು ಸೇರಿದರೆ ಒಳಗಿನ ಒತ್ತಡ ಶೇಕಡ 20ರಷ್ಟು ಏರುತ್ತದೆ. ಮುಚ್ಚಳಗಳು ಅದನ್ನು ತಡೆಯಬೇಕು. ಗಾಳಿಯ ಜಾಗ ಕಡಿಮೆಯಿದ್ದರೆ ಪಂಪ್ ಅರ್ಧದಲ್ಲೇ ಏದುಸಿರು ಬಿಟ್ಟು ನಿಲ್ಲುತ್ತದೆ. ಸಿರಿಂಜಿನಂತೆ ನೀರೆಳೆಯುವ ಪಿಸ್ಟನ್ ಟ್ಯಾಂಕಿನಲ್ಲಿ ನೀರು ಒಂದು ತುದಿಯಿಂದ ಸೇರುತ್ತದೆ, ಆದ್ದರಿಂದ ತುಂಬುವಾಗ ಮೂತಿ ಸ್ವಲ್ಪ ಏರಿಳಿಯುವುದು ಸಹಜ.

ಹಂತ 9: ಶಾಶ್ವತವಾಗಿ ಕೂರಿಸಿ

ಹೊರಗಿನ ತುಂಡುಗಳ ಜಾಗವನ್ನು ಟೇಪಿನಿಂದ ಗುರುತು ಮಾಡಿ, ಒಂದೊಂದಾಗಿ ತೆಗೆದು ಒಳಗೆ ಅದೇ ನೇರಕ್ಕೆ ಕೂರಿಸಿ. ಫೋಮ್‌ಗೆ ಎಪಾಕ್ಸಿ ಅಥವಾ ಸಿಲಿಕೋನ್ ಸೀಲೆಂಟ್. ಸಾಮಾನ್ಯ ಸೂಪರ್ ಗ್ಲೂ, ಥಿನ್ನರ್ ವಾಸನೆಯ ಅಂಟುಗಳು ಪಾಲಿಸ್ಟೈರೀನನ್ನು ಕರಗಿಸಿಬಿಡುತ್ತವೆ. ಸೀಸಕ್ಕೆ ಎಪಾಕ್ಸಿ ಹಾಕಿ ಪೂರ್ತಿ ಮುಚ್ಚಿ. ಅಂಟಿನ ತೂಕದ ಚಿಂತೆ ಬೇಡ. ಎಪಾಕ್ಸಿ ನೀರಿಗಿಂತ ಸ್ವಲ್ಪವೇ ಭಾರ, 20 ಗ್ರಾಂ ಹಾಕಿದರೂ ನೀರಿನಡಿಯಲ್ಲಿ 3 ಗ್ರಾಂನಷ್ಟೇ ಲೆಕ್ಕಕ್ಕೆ ಬರುತ್ತದೆ.

ಎಲ್ಲವನ್ನೂ ಅಂಟಿಸಬೇಡಿ. ಮೂತಿಯಲ್ಲಿ ಒಂದು, ಬಾಲದಲ್ಲಿ ಒಂದು ಚಿಕ್ಕ ಡಬ್ಬಿ ಅಥವಾ ತಿರುಪಿನ ಜಾಗ ಇಟ್ಟು, 20-30 ಗ್ರಾಂ ಸೀಸವನ್ನು ಬದಲಿಸಲು ಬರುವಂತೆ ಬಿಡಿ. ಕಾರಣ ನೀರು. 20 ಡಿಗ್ರಿಯ ಸಿಹಿನೀರಿನಲ್ಲಿ ಟ್ರಿಮ್ ಮಾಡಿದ 5 ಕಿಲೋ ದೋಣಿ, 30 ಡಿಗ್ರಿಯ ನೀರಿನಲ್ಲಿ 12-13 ಗ್ರಾಂ ಭಾರವಾದಂತೆ ವರ್ತಿಸುತ್ತದೆ. ನೀವು ಬಿಟ್ಟ ಸಣ್ಣ ಉಳಿಕೆಯನ್ನು ನುಂಗಿಹಾಕಲು ಅಷ್ಟು ಸಾಕು. ಸಮುದ್ರದ ನೀರಿನಲ್ಲಿ ಅದೇ ದೋಣಿಗೆ 130-150 ಗ್ರಾಂ ಆಸುಪಾಸು ಹೆಚ್ಚುವರಿ ಸೀಸ ಬೇಕು. ಉಪ್ಪುನೀರಿನಲ್ಲಿ ರೇಡಿಯೋ ಸಿಗ್ನಲ್ಲೂ ಹೋಗುವುದಿಲ್ಲ, ಆದ್ದರಿಂದ ಸಮುದ್ರ ಬೇಡವೇ ಬೇಡ.

ಹಂತ 10: ಮೊದಲ ಓಟ

ಕೆರೆಗೆ ಹೋಗುವ ಮುಂಚೆ ಟಬ್ಬಿನಲ್ಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಟ್ಯಾಂಕ್ ತಾನಾಗಿಯೇ ಖಾಲಿಯಾಗಬೇಕು. ಆಗದಿದ್ದರೆ ಮನೆಯಲ್ಲೇ ಉಳಿಯಿರಿ. ಈಗಿನ 2.4 ಗಿಗಾಹರ್ಟ್ಸ್ ರೇಡಿಯೋ ನೀರಿನೊಳಗೆ ಕೆಲವು ಸೆಂಟಿಮೀಟರ್ ದಾಟುವುದಿಲ್ಲ. ಆಂಟೆನಾ ನೀರಿನ ಮೇಲೆ ಇಲ್ಲದಿದ್ದರೆ ಸಂಪರ್ಕ ಕಡಿದುಹೋಗುತ್ತದೆ. ಮುಳುಗಿ ಓಡಿಸಲು 27 ಅಥವಾ 40 ಮೆಗಾಹರ್ಟ್ಸ್‌ನಂಥ ಕಡಿಮೆ ಫ್ರೀಕ್ವೆನ್ಸಿ ಬೇಕು. ನಿಮ್ಮಲ್ಲಿ ಯಾವುದಕ್ಕೆ ಅನುಮತಿ ಇದೆ ಎಂದು ನೋಡಿಕೊಳ್ಳಿ.

ತಳ ಕಾಣುವ, ಪಾಚಿ ಇಲ್ಲದ, ಸೊಂಟದ ಮಟ್ಟಕ್ಕಿಂತ ಕಡಿಮೆ ಆಳದ ನೀರು ಆರಿಸಿ. ಮೊದಲ ಸಲ ತೆಳುವಾದ ದಾರಕ್ಕೆ ಒಂದು ಬೆಂಡು ಕಟ್ಟಿ ದೋಣಿಗೆ ಸಿಕ್ಕಿಸಿ, ಪ್ರೊಪೆಲ್ಲರಿನಿಂದ ದೂರವಾಗಿ. ಟ್ಯಾಂಕ್ ತುಂಬಿಸಿ, ಗೋಪುರದ ತುದಿ ಇಣುಕುತ್ತಿರುವಾಗ ನಿಧಾನ ವೇಗ ಕೊಟ್ಟು, ಮುಂದಿನ ರೆಕ್ಕೆಗಳನ್ನು ಕೆಳಕ್ಕೆ ತಿರುಗಿಸಿ. ದೋಣಿ ಮುಳುಗಬೇಕು. ಮೋಟರ್ ನಿಲ್ಲಿಸಿದರೆ ಸಾವಕಾಶ ಮೇಲೆ ಬರಬೇಕು.

ಈ ಲಕ್ಷಣ ಕಂಡರೆ

ನಿಂತಾಗ ಸಮ, ಓಡುವಾಗ ಮೂತಿ ಏರುತ್ತದೆ ಅಥವಾ ಇಳಿಯುತ್ತದೆ: ಇದು ಟ್ರಿಮ್ ತಪ್ಪಲ್ಲ. ಹಿಂದಿನ ರೆಕ್ಕೆಗಳ ನಡುಸ್ಥಾನ ಮತ್ತು ಶಾಫ್ಟಿನ ಓರೆ ನೋಡಿ. ಸೀಸ ಸರಿಸಿ ಇದನ್ನು ಮುಚ್ಚಲು ಹೋದರೆ ನಿಂತಾಗಿನ ಸಮವೂ ಹೋಗುತ್ತದೆ, ವೇಗ ಬದಲಿಸಿದಾಗೆಲ್ಲ ತೊಂದರೆ ಬದಲಾಗುತ್ತದೆ.

ಮೋಟರ್ ಜೋರು ಮಾಡಿದಾಗ ಮಾತ್ರ ಒಂದು ಬದಿಗೆ ವಾಲುತ್ತದೆ: ಪ್ರೊಪೆಲ್ಲರ್ ತಿರುಗುವ ದಿಕ್ಕಿಗೆ ಎದುರಾಗಿ ದೋಣಿ ತಿರುಗಲು ನೋಡುತ್ತಿದೆ. ಸೀಸ ಇನ್ನೂ ಕೆಳಗಿಳಿಯಬೇಕು.

ಆಳಕ್ಕೆ ಹೋದ ಮೇಲೆ ತಾನಾಗಿ ಇಳಿಯುತ್ತಲೇ ಹೋಗುತ್ತದೆ: ಫೋಮ್ ಹಿಂಡಿಹೋಗುತ್ತಿದೆ, ಅಥವಾ ಎಲ್ಲೋ ಸಿಕ್ಕಿಕೊಂಡ ಗಾಳಿ ಕುಗ್ಗುತ್ತಿದೆ. ಗುಳ್ಳೆ ಬಿಡಿಸುವ ಕೆಲಸ ಮತ್ತೆ ಮಾಡಿ.

ಪ್ರತಿ ಓಟದಲ್ಲೂ ಸ್ವಲ್ಪ ಸ್ವಲ್ಪ ಭಾರವಾಗುತ್ತಿದೆ: ಸೋರಿಕೆ, ಅಥವಾ ಮರದ ಭಾಗ, ಬಣ್ಣವಿಲ್ಲದ ಫಿಲ್ಲರ್ ನೀರು ಕುಡಿಯುತ್ತಿದೆ. ದೋಣಿಯನ್ನು ಒಣಗಿಸಿ ತೂಗಿ, ಓಡಿಸಿ, ಹೊರಗಿನ ನೀರು ಬಸಿದು ಮತ್ತೆ ತೂಗಿ. ಆಮೇಲೆ ಒಳಸಿಲಿಂಡರ್ ಬಿಚ್ಚಿ ನೋಡಿ. ಒಳಗೆ ನೀರು ಕಂಡರೆ ಮೊದಲು ಬ್ಯಾಟರಿ ಹೊರಗೆ. ಒದ್ದೆಯಾದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬೇಡಿ, ಬಯಲಿನಲ್ಲಿ, ಬೆಂಕಿ ಹತ್ತದ ಜಾಗದಲ್ಲಿ ಬೇರೆಯಾಗಿ ಇಡಿ.

ನೆನ್ನೆ ಸರಿಯಿತ್ತು, ಇವತ್ತು ಮೂತಿ ತಗ್ಗಿದೆ, ಏನನ್ನೂ ಬದಲಿಸಿಲ್ಲ: ಬ್ಯಾಟರಿ ಜಾರಿದೆ. ಹತ್ತರಲ್ಲಿ ಒಂಬತ್ತು ಸಲ ಅದೇ. ಅದನ್ನು ಮೊದಲು ನೋಡಿ, ಸೀಸದ ಡಬ್ಬಿಗೆ ಕೈ ಹಾಕುವುದು ಆಮೇಲೆ.